ಕೀಪ್ಯಾಡ್ ಸೆಟ್ ಬೇಕಾದ ಹೊತ್ತಿಗೇ ಕೈಕೊಟ್ಟರೆ

ಹೋದ ಮಳೆಗಾಲದ ಒಂದು ಸಂಜೆ ನನ್ನ ಸ್ಮಾರ್ಟ್‌ಫೋನ್ ಡ್ರಿಪ್ ಗೊಬ್ಬರ ಕಲಸುವ ಡ್ರಮ್ಮಿಗೆ ಬಿತ್ತು. ಮೊಣಕೈವರೆಗೆ ಕೈ ಮುಳುಗಿಸಿ ತೆಗೆದೆ. ಪರದೆ ಒಂದು ಸಲ ಹಸಿರಾಗಿ ಮಿಂಚಿ ಆರಿಹೋಯಿತು. ಮಾರನೇ ದಿನ ಬೆಳಗ್ಗೆ 80 ಬಾಕ್ಸ್ ಟೊಮೆಟೊ ವಡ್ಡಹಳ್ಳಿ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಟೆಂಪೊದವನ ನಂಬರು, ಮಂಡಿಯವರ ನಂಬರು, ಹಣ್ಣು ಕೀಳಲು ಬರುವವರ ಮೇಸ್ತ್ರಿಯ ನಂಬರು, ಎಲ್ಲಾ ಅದರೊಳಗೇ ಇದ್ದವು.

‘ಇದಕ್ಕೇ ಅಲ್ವಾ ಕೀಪ್ಯಾಡ್ ಸೆಟ್ ಇಟ್ಟಿರೋದು’ ಅಂತ ಧೈರ್ಯವಾಗಿ ಬೀರು ತೆಗೆದೆ. ರೇಷನ್ ಕಾರ್ಡಿನ ಕೆಳಗೆ ಫೋನ್ ಇತ್ತು. ಕೆಂಪು ಬಟನ್ ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಅದು ಆನ್ ಆದಮೇಲೆ ಸಿಮ್ ಹಿಡಿಯಲಿಲ್ಲ. ಸಿಮ್ ಹಿಡಿದ ಮೇಲೆ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಬೆಳಗ್ಗೆ ಬ್ಯಾಂಕಿನ ಓಟಿಪಿ ಬರಲಿಲ್ಲ. ಒಂದೇ ರಾತ್ರಿಗೆ ನಾಲ್ಕು ತೊಂದರೆ. ತಮಾಷೆ ಅಂದರೆ ಫೋನು ಮಾತ್ರ ಕೆಟ್ಟಿರಲಿಲ್ಲ.

ಮುಳಬಾಗಿಲು ಕಡೆಯ ನಮ್ಮಂಥ ಹಳ್ಳಿಗಳಲ್ಲಿ ಹೀಗೆ ಬೀರುವಿನಲ್ಲಿ ಒಂದು ಬಟನ್ ಫೋನ್ ಇಟ್ಟುಕೊಂಡವರು ಸುಮಾರು ಜನ ಇದ್ದಾರೆ. ಅದು ಕೈಕೊಟ್ಟಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ. ಒಂದು ಕ್ರಮ ಇಟ್ಟುಕೊಳ್ಳಿ: ಮೊದಲು ಬ್ಯಾಟರಿ, ಆಮೇಲೆ ಸಿಮ್, ಆಮೇಲೆ ಸಿಗ್ನಲ್, ಆಮೇಲೆ ಕಾಲ್, ಕೊನೆಗೆ ಮೆಸೇಜ್. ಮೊದಲಿನದು ಸರಿ ಇದೆ ಅಂತ ಗೊತ್ತಾಗುವ ತನಕ ಮುಂದಿನದನ್ನು ಮುಟ್ಟಬೇಡಿ. ನಾನು ಆ ರಾತ್ರಿ ಎಲ್ಲವನ್ನೂ ಒಟ್ಟಿಗೆ ಕೆದಕಿ ಎರಡು ಗಂಟೆ ಹಾಳು ಮಾಡಿಕೊಂಡೆ.

ಆನ್ ಆಗುತ್ತಲೇ ಇಲ್ಲ

ಚಾರ್ಜರ್ ಹಾಕಿ. ಏನೂ ಕಾಣಿಸಲಿಲ್ಲ ಅಂದರೆ ಸತ್ತಿದೆ ಅಂದುಕೊಳ್ಳಬೇಡಿ. ಸುಮ್ನೆ ಅರ್ಧ ಗಂಟೆ ಬಿಡಿ. ಲಿಥಿಯಂ ಬ್ಯಾಟರಿ ತಿಂಗಳುಗಟ್ಟಲೆ ಬಿದ್ದಿದ್ದರೆ ತಾನಾಗಿಯೇ ಇಳಿಯುತ್ತದೆ. ತೀರಾ ಇಳಿದಾಗ ಅದರೊಳಗಿನ ಸಣ್ಣ ಸರ್ಕ್ಯೂಟ್ ಬ್ಯಾಟರಿಯನ್ನು ಕಾಪಾಡಲು ಸಂಪರ್ಕ ಕಡಿದುಬಿಡುತ್ತದೆ. ಅಂಥ ಬ್ಯಾಟರಿಗೆ ಮೊದಲು ಬಹಳ ಸಣ್ಣದಾಗಿ ಕರೆಂಟ್ ಹೋಗುತ್ತದೆ. ಆಗ ಪರದೆ ಮೇಲೆ ಗೆರೆ ಕೂಡ ಮೂಡುವುದಿಲ್ಲ. ನಾನು ಹತ್ತು ನಿಮಿಷಕ್ಕೇ ಕಿತ್ತು ಬೇರೆ ಚಾರ್ಜರ್ ಹಾಕಿದೆ, ಅದನ್ನೂ ಕಿತ್ತೆ. ಕೊನೆಗೆ ಬೇಜಾರಾಗಿ ಹಾಗೇ ಬಿಟ್ಟು ಊಟಕ್ಕೆ ಕೂತೆ. ಮುದ್ದೆ ಮುಗಿಯುವಷ್ಟರಲ್ಲಿ ಬ್ಯಾಟರಿ ಚಿತ್ರ ಮೂಡಿತ್ತು.

ಅರ್ಧ ಗಂಟೆಗೂ ಏಳದಿದ್ದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಹೊರಗೆ ತನ್ನಿ. ಅದನ್ನು ಮಟ್ಟಸವಾದ ಟೇಬಲ್ ಮೇಲಿಟ್ಟು ಬೆರಳಿಂದ ತಿರುಗಿಸಿ. ಸರಿ ಇರುವುದು ಉಜ್ಜಿಕೊಂಡು ನಿಂತುಬಿಡುತ್ತದೆ. ಉಬ್ಬಿದ್ದು ಬುಗುರಿ ಥರ ತಿರುಗುತ್ತದೆ. ಉಬ್ಬಿದ್ದರೆ ಅಲ್ಲಿಗೆ ಅದರ ಕಥೆ ಮುಗೀತು. ಚುಚ್ಚಬೇಡಿ, ಒತ್ತಿ ಕೂರಿಸಬೇಡಿ, ಒಲೆಗೆ ಹಾಕಬೇಡಿ, ಮತ್ತೆ ಚಾರ್ಜ್ ಮಾಡಲೇಬೇಡಿ.

ಉಬ್ಬಿಲ್ಲ ಅಂದರೆ ಮಲ್ಟಿಮೀಟರ್ ಇರುವವರ ಹತ್ತಿರ ಹೋಗಿ. ಮೋಟರ್ ರಿಪೇರಿ ಮಾಡುವವರ ಬಳಿ ಇದ್ದೇ ಇರುತ್ತದೆ. ಪ್ಲಸ್ ಮತ್ತು ಮೈನಸ್ ತುದಿಗಳಿಗೆ ಹಿಡಿದಾಗ 3.7ರಿಂದ 4.2 ವೋಲ್ಟ್ ತೋರಿಸಿದರೆ ಬ್ಯಾಟರಿ ಸದ್ಯಕ್ಕೆ ಪರವಾಗಿಲ್ಲ. ಆಗ ತೊಂದರೆ ಇರುವುದು ಫೋನಿನ ಪಿನ್ನುಗಳಲ್ಲಿ. ಬ್ಯಾಟರಿ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಫೋನಿನ ಕಡೆ ಇರುವ ಸ್ಪ್ರಿಂಗ್ ಪಿನ್ನುಗಳನ್ನು ಒಣ ಬ್ರಷ್‌ನಿಂದ ಒರೆಸಿ. 3 ವೋಲ್ಟ್‌ಗಿಂತ ಕೆಳಗಿದ್ದು, ರಾತ್ರಿಯೆಲ್ಲಾ ಚಾರ್ಜ್ ಹಾಕಿದರೂ ಏರದಿದ್ದರೆ ಬ್ಯಾಟರಿ ಬದಲಿಸಿ. ನೋಕಿಯಾದ ಹಳೆಯ ಬಿಎಲ್-5ಸಿ ಅಳತೆಯ ಬ್ಯಾಟರಿಯೇ ಇವತ್ತಿಗೂ ಹತ್ತಾರು ಕಂಪನಿಗಳ ಕೀಪ್ಯಾಡ್ ಸೆಟ್ಟುಗಳಿಗೆ ಆಗುತ್ತದೆ. ಆದ್ದರಿಂದ ಸಿಗುವುದು ಕಷ್ಟವಲ್ಲ. ತೀರಾ ಅಗ್ಗದ್ದು ಮಾತ್ರ ಬೇಡ.

ಚಾರ್ಜರ್ ಬಗ್ಗೆ ಎರಡು ಮಾತು. ಹೊಸ ಕೀಪ್ಯಾಡ್ ಸೆಟ್ಟುಗಳಲ್ಲಿ ಕೆಲವಕ್ಕೆ ಟೈಪ್-ಸಿ ತೂತು ಇರುತ್ತದೆ. ಆದರೆ ಸ್ಮಾರ್ಟ್‌ಫೋನಿನ ಜೊತೆ ಬಂದ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ. ಅಂಥ ಚಾರ್ಜರ್ ಆ ಕಡೆ ಫೋನಿದೆ ಅಂತ ಗುರುತು ಸಿಗುವ ತನಕ ಕರೆಂಟ್ ಬಿಡುವುದಿಲ್ಲ. ಗುರುತು ಹೇಳುವ ಸಣ್ಣ ರೆಸಿಸ್ಟರನ್ನು ಅಗ್ಗದ ಫೋನುಗಳಲ್ಲಿ ಕಾಸು ಉಳಿಸಲು ಬಿಟ್ಟಿರುತ್ತಾರೆ. ಒಂದು ತುದಿ ಅಗಲದ ಹಳೇ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ, ಆಗುತ್ತದೆ. ಇನ್ನೊಂದು ಪವರ್‌ಬ್ಯಾಂಕ್. ಕೀಪ್ಯಾಡ್ ಸೆಟ್ ಎಳೆಯುವ ಕರೆಂಟ್ ಬಹಳ ಕಮ್ಮಿ. ಕೆಲವು ಪವರ್‌ಬ್ಯಾಂಕುಗಳು ‘ಯಾವ ಫೋನೂ ಇಲ್ಲ’ ಅಂದುಕೊಂಡು ತಾವೇ ಆಫ್ ಆಗುತ್ತವೆ. ಕರೆಂಟ್ ಹೋದ ರಾತ್ರಿ ಹೀಗಾದರೆ ಫೋನನ್ನು ಬೈಯಬೇಡಿ.

ಚಾರ್ಜ್ ಮಾಡಿ ಇಟ್ಟರೂ ಎರಡೇ ದಿನಕ್ಕೆ ಖಾಲಿ ಅನ್ನುವವರು ಟಾರ್ಚ್ ನೋಡಿ. ಒಂದು ಬಟನ್ ಒತ್ತಿ ಹಿಡಿದರೆ ಟಾರ್ಚ್ ಹತ್ತುವ ಸೆಟ್ಟುಗಳು ಬಟ್ಟೆಗಳ ನಡುವೆ ತಾವೇ ಉರಿಯುತ್ತಾ ಕೂರುತ್ತವೆ. ಪದೇಪದೇ ಪರದೆ ಮೇಲೆ ಪುಟಿಯುವ ಸಿಮ್ ಕಂಪನಿಯ ಜಾಹೀರಾತು ಕೂಡ ಬ್ಯಾಟರಿ ತಿನ್ನುತ್ತದೆ. ಸಿಮ್ ಮೆನುಗೆ ಹೋಗಿ ಅದನ್ನು ನಿಲ್ಲಿಸಿ.

‘ಸಿಮ್ ಹಾಕಿ’ ಅನ್ನುತ್ತದೆ

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಸ್ಮಾರ್ಟ್‌ಫೋನಿನ ಸಿಮ್ ನ್ಯಾನೊ, 12.3 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ಕೀಪ್ಯಾಡ್ ಸೆಟ್ಟಿನ ಗೂಡು ಹಳೆಯ ದೊಡ್ಡ ಸಿಮ್ಮಿನದು, 25 ಮಿ.ಮೀ.ಗೆ 15 ಮಿ.ಮೀ. ನಡುವೆ ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ನ್ಯಾನೊ ಸಿಮ್ ದಪ್ಪದಲ್ಲೂ ಕಮ್ಮಿ. ದೊಡ್ಡದು 0.76 ಮಿ.ಮೀ. ಇದ್ದರೆ ಇದು 0.67. ಕೂದಲೆಳೆಯಷ್ಟು ವ್ಯತ್ಯಾಸ. ಅಷ್ಟಕ್ಕೇ ಸಿಮ್ ಕೆಳಗೆ ಕುಸಿದು ಪಿನ್ನಿಗೆ ತಾಗದೆ ಹೋಗುತ್ತದೆ.

ಮಾಡಬೇಕಾದ್ದು ಇಷ್ಟು. ಫೋನ್ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ಅಡಾಪ್ಟರಿನಲ್ಲಿ ಸಿಮ್ ಕೂರಿಸಿ, ಹಿಂದುಗಡೆಗೆ, ಅಂದರೆ ಚಿನ್ನದ ಬಣ್ಣ ಇಲ್ಲದ ಕಡೆಗೆ, ತೆಳು ಸೆಲ್ಲೋಟೇಪ್ ಒಂದು ಪದರ ಅಂಟಿಸಿ. ಟೇಪ್ ಅಂಚಿನಿಂದ ಹೊರಗೆ ಬರದಂತೆ ಕತ್ತರಿಸಿ. ಕಟ್ ಮಾಡಿದ ಮೂಲೆ ಯಾವ ಕಡೆ ಬರಬೇಕು ಅಂತ ಗೂಡಿನ ಪಕ್ಕದ ಚಿತ್ರದಲ್ಲಿರುತ್ತದೆ. ನೋಡಿ ನಿಧಾನವಾಗಿ ತಳ್ಳಿ. ನಾನು ಟೇಪ್ ಇಲ್ಲದೆ ಮೂರು ಸಲ ತಳ್ಳಿದ್ದೆ. ಅಂಟಿಸಿದ ಮೇಲೆ ಮೊದಲ ಸಲಕ್ಕೇ ಹಿಡಿಯಿತು.

ಖಾಲಿ ಅಡಾಪ್ಟರನ್ನು ಮಾತ್ರ ಯಾವತ್ತೂ ಗೂಡಿಗೆ ತಳ್ಳಬೇಡಿ. ಮಧ್ಯದ ತೂತಿಗೆ ಪಿನ್ನುಗಳು ಎದ್ದು ಸಿಕ್ಕಿಕೊಳ್ಳುತ್ತವೆ. ಎಳೆದರೆ ಪಿನ್ನೂ ಕಿತ್ತು ಬರುತ್ತದೆ. ಹಾಗೆ ಸಿಕ್ಕಿಕೊಂಡಿದ್ದರೆ ಎಳೆಯದೆ ರಿಪೇರಿಯವರಿಗೆ ಕೊಡಿ.

ಸಿಮ್ ಕೂತಿದೆ, ಆದರೂ ಸಿಮ್ಮಿನ ಗುಟ್ಟಿನ ಪಿನ್ ನಂಬರು ಕೇಳುತ್ತಿದೆ ಅಂದರೆ ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಲಾಕ್ ಆದ ಸಿಮ್ ಬಿಡಿಸುವ ನಂಬರು, ಕೇಳುತ್ತದೆ. ಅದನ್ನು ಹತ್ತು ಸಲ ತಪ್ಪಾಗಿ ಒತ್ತಿದರೆ ಸಿಮ್ ಶಾಶ್ವತವಾಗಿ ಹೋಯಿತು. ಪಿಯುಕೆ ನಂಬರು ಸಿಮ್ ಬಂದ ಕಾರ್ಡಿನ ಮೇಲಿರುತ್ತದೆ, ಇಲ್ಲವೇ ಕಸ್ಟಮರ್ ಕೇರ್‌ನವರು ಹೇಳುತ್ತಾರೆ.

ಇ-ಸಿಮ್ ಇಟ್ಟುಕೊಂಡವರಿಗೆ ಈ ಭಾಗವೇ ಇಲ್ಲ. ತೆಗೆದು ಹಾಕಲು ಅಲ್ಲಿ ಏನೂ ಇರುವುದಿಲ್ಲ. ಅಂಗಡಿಗೆ ಹೋಗಿ ಮಾಮೂಲಿ ಸಿಮ್ ಮಾಡಿಸಬೇಕು. ಹೀಗೆ ಸಿಮ್ ಬದಲಿಸಿದ ಮೇಲೆ ಮೊದಲ 24 ಗಂಟೆ ಮೆಸೇಜ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಆ ದಿನ ಓಟಿಪಿಗೆ ಕಾಯುತ್ತಾ ಕೂರಬೇಡಿ.

ಸಿಮ್ ಹಿಡಿಯಿತು, ಸಿಗ್ನಲ್ ಇಲ್ಲ

ಇಲ್ಲಿ ಫೋನಿಗೂ ಸಿಮ್ಮಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತದೆಯಾ ನೋಡಬೇಕು. ಹಳೆಯ ಕೀಪ್ಯಾಡ್ ಸೆಟ್ಟಿಗೆ ಗೊತ್ತಿರುವುದು 2ಜಿ ಮಾತ್ರ. ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ಸಿಮ್‌ಗಳಿಗೆ 2ಜಿ ಸಿಗುತ್ತದೆ. ಜಿಯೋ 2016ರಲ್ಲಿ ಶುರುವಾದದ್ದೇ 4ಜಿ ಜಾಲವಾಗಿ, ಅದಕ್ಕೆ 2ಜಿ ಇಲ್ಲವೇ ಇಲ್ಲ. ಹಾಗಾಗಿ ಆ ಸಿಮ್ಮನ್ನು 2ಜಿ ಸೆಟ್ಟಿಗೆ ಹಾಕಿ, ಮಹಡಿ ಹತ್ತಿ, ಮರ ಹತ್ತಿ ಪ್ರಯೋಜನವಿಲ್ಲ. 4ಜಿ ವೋಲ್ಟಿ (VoLTE, ಅಂದರೆ 4ಜಿಯಲ್ಲೇ ಕಾಲ್ ಹೋಗುವ ವ್ಯವಸ್ಥೆ) ಅಂತ ಬರೆದಿರುವ ಕೀಪ್ಯಾಡ್ ಸೆಟ್ ಬೇಕು. ಅಂಥ ಸೆಟ್ಟಿನಲ್ಲೂ ವೋಲ್ಟಿ ಆಫ್ ಆಗಿದ್ದರೆ ಸಿಗ್ನಲ್ ಕಡ್ಡಿ ಕಾಣುತ್ತವೆ, ಕಾಲ್ ಮಾತ್ರ ಹೋಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿ. ತಿರುಗಾಮುರುಗಾ ತೊಂದರೆಯೂ ಉಂಟು: ಜಿಯೋ ಕಂಪನಿಯದೇ ಜಿಯೋಭಾರತ್ ಸೆಟ್ಟುಗಳು ಬೇರೆ ಕಂಪನಿ ಸಿಮ್ಮನ್ನು ಒಪ್ಪುವುದಿಲ್ಲ.

ಅಮೆರಿಕದಿಂದ ಯಾರೋ ತಂದುಕೊಟ್ಟ ಹಳೇ ಸೆಟ್ ಆಗಿದ್ದರೆ ಬ್ಯಾಟರಿ ಕೆಳಗೆ ಅಥವಾ ಡಬ್ಬದ ಮೇಲೆ ಬ್ಯಾಂಡ್ ನೋಡಿ. ನಮ್ಮಲ್ಲಿ 2ಜಿ ಓಡುವುದು 900 ಮತ್ತು 1800 ಮೆಗಾಹರ್ಟ್ಜ್‌ನಲ್ಲಿ. ಅಲ್ಲಿ 850 ಮತ್ತು 1900. ಆ ಎರಡೇ ಇದ್ದರೆ ಅದು ಇಲ್ಲಿ ಗಡಿಯಾರಕ್ಕೆ ಮಾತ್ರ ಸಾಕು.

ನಮ್ಮ ಕಡೆಯ ವಿಶೇಷ ಕಾಯಿಲೆ ಒಂದಿದೆ. ನಂಗಲಿ ದಾಟಿದರೆ ಆಂಧ್ರ. ಗಡಿಯಲ್ಲಿ ಫೋನು ಒಂದು ಸಲ ಈ ಕಡೆ ಟವರ್, ಒಂದು ಸಲ ಆ ಕಡೆ ಟವರ್ ಹಿಡಿಯುತ್ತದೆ. ಪಲಮನೇರಿಗೆ ಹೋದಾಗ ಯಾರೋ ಬೇಸತ್ತು ನೆಟ್‌ವರ್ಕ್ ಆಯ್ಕೆಯನ್ನು ‘ಮ್ಯಾನ್ಯುಯಲ್’ ಮಾಡಿ ಆಂಧ್ರದ್ದನ್ನು ಆರಿಸಿರುತ್ತಾರೆ. ಕಂಪನಿ ಒಂದೇ ಆದರೂ ಕರ್ನಾಟಕ ಸರ್ಕಲ್ಲಿನ ಕೋಡ್ ಬೇರೆ, ಆಂಧ್ರದ ಕೋಡ್ ಬೇರೆ. ವಾಪಸ್ ಬಂದ ಮೇಲೆ ಫೋನು ಇಲ್ಲಿನ ಟವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸೆಟ್ಟಿಂಗ್‌ನಲ್ಲಿ ‘ಆಟೋಮ್ಯಾಟಿಕ್’ ಮಾಡಿ, ಒಂದು ಸಲ ಆಫ್ ಮಾಡಿ ಆನ್ ಮಾಡಿ. ನನ್ನ ತಮ್ಮ ಇದೇ ಕಾರಣಕ್ಕೆ ಹೊಸ ಸೆಟ್ ಕೊಳ್ಳಲು ಹೊರಟಿದ್ದ. ನೋಡಿ ಸರಿಮಾಡಿದ್ದಕ್ಕೆ ಒಂದು ಮುಳಬಾಗಿಲು ದೋಸೆ ಗಿಟ್ಟಿತು.

ಸೆಕೆಂಡ್ ಹ್ಯಾಂಡ್ ಸೆಟ್ಟಿಗೆ ಯಾವ ಸಿಮ್ ಹಾಕಿದರೂ ಸಿಗ್ನಲ್ ಬರುತ್ತಿಲ್ಲವಾ? *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಸೆಟ್ಟಿನ ಗುರುತಿನ ನಂಬರು ಬರುತ್ತದೆ. ಬೇರೆ ಫೋನಿನಿಂದ ಇಂಗ್ಲಿಷ್‌ನಲ್ಲಿ ಕೆವೈಎಂ (KYM) ಅಂತ ಬರೆದು, ಜಾಗ ಬಿಟ್ಟು ಆ ನಂಬರು ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕಳುವಾದ ಫೋನ್ ಅಂತ ದೂರು ಕೊಟ್ಟು ಬ್ಲಾಕ್ ಮಾಡಿಸಿದ ಸೆಟ್ ಆಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಹಾಗಿದ್ದರೆ ರಿಪೇರಿ ಮಾತು ಬಿಡಿ, ಮಾರಿದವನನ್ನು ಹುಡುಕಿ.

ಬ್ಯಾಕಪ್‌ಗೆ ಅಂತ ಬೇರೆಯದೇ ಸಿಮ್ ಇಟ್ಟವರಿಗೆ ಇನ್ನೊಂದು ಕಾರಣ. 90 ದಿನ ಒಂದು ಕಾಲ್, ಒಂದು ಮೆಸೇಜ್, ಏನೂ ಇಲ್ಲದಿದ್ದರೆ ಕಂಪನಿ ಆ ನಂಬರನ್ನು ಕಿತ್ತುಹಾಕಬಹುದು. ಪ್ರಿಪೇಯ್ಡ್ ಸಿಮ್ಮಿನಲ್ಲಿ ₹20 ಬಾಕಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಅದಕ್ಕೂ ಮುಂಚೆಯೇ, ಪ್ಯಾಕ್ ಮುಗಿದು ಸ್ವಲ್ಪ ದಿನಕ್ಕೆ ಒಳಬರುವ ಕಾಲ್ ನಿಲ್ಲುತ್ತದೆ. ಇಂಟರ್ನೆಟ್ ಬೇಡ ಅನ್ನುವವರಿಗೆ ಬರೀ ಕಾಲ್, ಮೆಸೇಜ್ ಇರುವ ಪ್ಯಾಕ್ ಕೊಡಲೇಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ರೀಚಾರ್ಜ್ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ, ಕೇಳದೆ ಯಾರೂ ಹೇಳುವುದಿಲ್ಲ.

ಸಿಗ್ನಲ್ ಇದೆ, ಯಾರಿಗೆ ಕಾಲ್ ಮಾಡೋದು?

ನನ್ನ ಮೂರನೇ ತೊಂದರೆ ಇದು. ಸಿಮ್ ಹಾಕಿದರೆ ನಂಬರುಗಳೂ ಜೊತೆಗೆ ಬರುತ್ತವೆ ಅಂತ ನಾನು ತಿಳಿದಿದ್ದೆ. ಬರುವುದಿಲ್ಲ. ಸ್ಮಾರ್ಟ್‌ಫೋನಿನಲ್ಲಿ ಸೇವ್ ಮಾಡಿದ್ದು ಗೂಗಲ್ ಖಾತೆಯಲ್ಲೋ ಫೋನಿನಲ್ಲೋ ಇರುತ್ತದೆ. ಸಿಮ್ ಖಾಲಿ. ತೆಗೆದು ನೋಡಿದರೆ ಕಂಪನಿಯ ಕಸ್ಟಮರ್ ಕೇರ್ ನಂಬರೊಂದೇ ಇತ್ತು.

ಸ್ಮಾರ್ಟ್‌ಫೋನ್ ಚೆನ್ನಾಗಿರುವಾಗಲೇ ಬೇಕಾದ ಹದಿನೈದಿಪ್ಪತ್ತು ನಂಬರು ಸಿಮ್ಮಿಗೆ ಕಾಪಿ ಮಾಡಿ. ಸಿಮ್ಮಿನಲ್ಲಿ ಹೆಸರಿಗೆ ಜಾಗ ಕಮ್ಮಿ, ‘ಮಂಡಿ’, ‘ಟೆಂಪೊ’ ಅಂತ ಗಿಡ್ಡದಾಗಿ ಬರೆಯಿರಿ. ಕನ್ನಡದಲ್ಲಿ ಸೇವ್ ಮಾಡಿದ ಹೆಸರು ಹಲವು ಸೆಟ್ಟುಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತದೆ. ಬೇಜಾರಿನ ವಿಷಯ, ಆದರೆ ಸಿಮ್ಮಿನ ಮಟ್ಟಿಗೆ ಇಂಗ್ಲಿಷ್ ಅಕ್ಷರ ಬಳಸುವುದೇ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಕಾಗದ. ನಾನೀಗ ಬ್ಯಾಟರಿ ಮುಚ್ಚಳದ ಒಳಗೆ ಒಂದು ಚೀಟಿ ಮಡಿಸಿ ಇಟ್ಟಿದ್ದೇನೆ.

ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಇದನ್ನೂ ನೋಡಿಕೊಳ್ಳಿ. ಆ ರಾತ್ರಿ ಕೀಪ್ಯಾಡ್ ಸೆಟ್ ಇನ್ನೂ ಚಾರ್ಜ್ ಆಗುತ್ತಿದ್ದಾಗ ತಮ್ಮನ ಫೋನಿನಿಂದ ಸ್ಟಾರ್ಟರಿಗೆ ಕಾಲ್ ಮಾಡಿದೆ. ರಿಂಗ್ ಆಗಿ ಕಟ್ ಆಯಿತು. ಮೋಟರ್ ಶುರುವಾಗಲಿಲ್ಲ. ಸ್ಟಾರ್ಟರ್ ಕೆಟ್ಟಿರಲಿಲ್ಲ. ಅದರೊಳಗೆ ನನ್ನ ನಂಬರು ಮಾತ್ರ ಬರೆದಿತ್ತು, ಬೇರೆಯವರ ಮಾತು ಅದು ಕೇಳುವುದಿಲ್ಲ. ನನ್ನ ಸಿಮ್ ಕೀಪ್ಯಾಡಿನಲ್ಲಿ ಕೂತ ಕೂಡಲೇ ಅದೇ ಸ್ಟಾರ್ಟರ್ ಮೊದಲ ಕಾಲಿಗೇ ಎದ್ದಿತು. ಬ್ಯಾಕಪ್ ನಂಬರು ಬೇರೆ ಇದ್ದರೆ ಅದನ್ನೂ ಸ್ಟಾರ್ಟರಿನಲ್ಲಿ ಮೊದಲೇ ಸೇರಿಸಿಡಿ.

ತಾನಾಗೇ ಯಾರಿಗೋ ಕಾಲ್ ಹೋಗುತ್ತಿದೆ ಅನ್ನುವ ದೂರೂ ಇದೆ. 2017ರ ಜನವರಿ 1ರಿಂದ ಮಾರುವ ಕೀಪ್ಯಾಡ್ ಸೆಟ್ಟುಗಳಲ್ಲಿ 5 ಅಥವಾ 9ನೇ ಬಟನ್ ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು ಅಂತ ಸರ್ಕಾರದ ನಿಯಮ. ಬನಿಯನ್ ಜೇಬಿನಲ್ಲಿ ಲಾಕ್ ಮಾಡದೆ ಇಟ್ಟರೆ 112ಕ್ಕೆ ಹೋಗಿ ಕೂರುತ್ತದೆ. ಕೀಪ್ಯಾಡ್ ಲಾಕ್ ತಾನಾಗೇ ಬೀಳುವಂತೆ ಮಾಡಿ. ಅಂದಹಾಗೆ, ಒಂದು ಬಟನ್ ಎರಡೆರಡು ಸಲ ಒತ್ತುತ್ತಿದೆ ಅಥವಾ ಒತ್ತುತ್ತಲೇ ಇಲ್ಲ ಅಂದರೆ ಅದು ಒಳಗಿನ ಧೂಳು. ಅಂಗಡಿಯವರು ಹತ್ತು ನಿಮಿಷದಲ್ಲಿ ತೊಳೆದುಕೊಡುತ್ತಾರೆ.

ಓಟಿಪಿ ಬರುತ್ತಿಲ್ಲ

ಬೆಳಗ್ಗೆ ಲೋಡ್ ಹೋಯಿತು. ಬ್ಯಾಂಕಿನಲ್ಲಿ ಏನೋ ಕೆಲಸಕ್ಕೆ ಓಟಿಪಿ ಬೇಕಾಯಿತು. ಎರಡು ಸಲ ಕಳಿಸಿದರೂ ಬರಲಿಲ್ಲ. ‘ನೆಟ್‌ವರ್ಕ್ ಪ್ರಾಬ್ಲಮ್ ಸರ್’ ಅಂದರು. ನಾನೂ ನಂಬಿದೆ. ಆಮೇಲೆ ನೋಡಿದರೆ ಪರದೆಯ ಮೂಲೆಯಲ್ಲಿ ಸಣ್ಣ ಲಕೋಟೆಯೊಂದು ಮಿಟುಕುತ್ತಿದೆ. ಅದರ ಅರ್ಥ ಹೊಸ ಮೆಸೇಜ್ ಬಂದಿದೆ ಅಂತ ಅಲ್ಲ, ಮೆಸೇಜ್ ಪೆಟ್ಟಿಗೆ ತುಂಬಿದೆ ಅಂತ. ವರ್ಷಗಳ ಹಿಂದಿನ ರೀಚಾರ್ಜ್ ಮೆಸೇಜು, ಲಾಟರಿ ಹೊಡೆದ ಸುಳ್ಳು ಮೆಸೇಜು, ಎಲ್ಲಾ ಅಲ್ಲೇ ಬಿದ್ದಿದ್ದವು. ಇವುಗಳ ಮೆಮೊರಿ ಚಿಕ್ಕದು. ತುಂಬಿದ ಮೇಲೆ ಹೊಸದನ್ನು ಒಳಗೆ ಬಿಡುವುದಿಲ್ಲ. ಕಂಪನಿಯ ಕಡೆ ಕಾಯುತ್ತಾ ಕೂತಿರುತ್ತದೆ. ನಾನು ಇಪ್ಪತ್ತು ಅಳಿಸಿದ್ದೇ ತಡ, ಎರಡೂ ಓಟಿಪಿ ಒಟ್ಟಿಗೆ ಬಂದು ಬಿದ್ದವು. ಅಷ್ಟರಲ್ಲಿ ಅವುಗಳ ಅವಧಿ ಮುಗಿದಿತ್ತು.

ಅಳಿಸುವಾಗ ಫೋನಿನದು, ಸಿಮ್ಮಿನದು ಎರಡೂ ಪೆಟ್ಟಿಗೆ ಖಾಲಿ ಮಾಡಿ. ಕಳಿಸಿದ ಮೆಸೇಜುಗಳೂ ಜಾಗ ತಿನ್ನುತ್ತವೆ. ಕನ್ನಡದ ಮೆಸೇಜ್ ಇನ್ನೂ ಬೇಗ ತುಂಬುತ್ತದೆ. ಇಂಗ್ಲಿಷ್ ಆದರೆ ಒಂದಕ್ಕೆ 160 ಅಕ್ಷರ, ಕನ್ನಡವಾದರೆ 70, ಅದಕ್ಕಿಂತ ಉದ್ದವಾದರೆ ಎರಡು ಮೂರು ತುಂಡಾಗಿ ಬರುತ್ತದೆ.

ಸಿಮ್ಮನ್ನು ಕೀಪ್ಯಾಡಿಗೆ ಹಾಕಿದ ಮೇಲೆ ಸ್ಮಾರ್ಟ್‌ಫೋನಿನ ಯುಪಿಐ ಆ್ಯಪ್ ಕೆಲಸ ಮಾಡಲಿಲ್ಲ ಅಂದರೆ ಅದು ದೋಷ ಅಲ್ಲ. ಹಲವು ಆ್ಯಪ್‌ಗಳು ನೋಂದಾಯಿಸಿದ ಸಿಮ್ ಅದೇ ಫೋನಿನಲ್ಲಿದೆಯಾ ಅಂತ ನೋಡುತ್ತವೆ. ಕೀಪ್ಯಾಡ್ ಸೆಟ್ಟಿನಿಂದಲೇ ದುಡ್ಡು ಕಳಿಸಲು ಯುಪಿಐ 123ಪೇ ಅಂತ 2022ರ ಮಾರ್ಚ್‌ನಿಂದ ಇದೆ. ಒಂದು ಸಲಕ್ಕೆ ₹10,000 ತನಕ ಕಳಿಸಬಹುದು. ನೋಂದಣಿಯನ್ನು ಬಿಡುವಿದ್ದಾಗಲೇ ಮಾಡಿಟ್ಟುಕೊಳ್ಳಿ. ಟೆಂಪೊದವನು ಬಾಡಿಗೆಗೆ ನಿಂತಿರುವಾಗ ಅದನ್ನು ಶುರು ಮಾಡಬಾರದು.

ಗಡಿಯಾರವನ್ನೂ ನೋಡಿ. ಬ್ಯಾಟರಿ ತೆಗೆದು ಹಾಕಿದರೆ ಹಲವು ಸೆಟ್ಟುಗಳಲ್ಲಿ ತಾರೀಕು, ಸಮಯ ಎಲ್ಲಾ ಹಿಂದಕ್ಕೆ ಓಡಿಹೋಗುತ್ತದೆ. ಆ ರಾತ್ರಿ ನಾಲ್ಕು ಗಂಟೆಗೆ ಅಲಾರಂ ಇಟ್ಟು ಮಲಗಿದ್ದೆ. ಫೋನಿನ ಲೆಕ್ಕದಲ್ಲಿ ಆಗ ಮಧ್ಯಾಹ್ನ. ಎಬ್ಬಿಸಿದ್ದು ಟೆಂಪೊದವನ ಹಾರ್ನು.

ಈಗ ಸೆಟ್ ಎಲ್ಲಿದೆ

ಬೀರುವಿನಲ್ಲಿ ಇಡುವವರು ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ, ಫೋನಿನಿಂದ ತೆಗೆದು, ತಂಪಾದ ಕಡೆ ಇಡಿ. ಪೂರ್ತಿ ತುಂಬಿಸಿಟ್ಟರೂ ಹಾಳು, ಖಾಲಿ ಇಟ್ಟರೂ ಹಾಳು. ಎರಡು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡಿ, ಸಿಮ್ ಹಾಕಿ ಯಾರಿಗಾದರೂ ಒಂದು ಕಾಲ್ ಮಾಡಿ. ನನ್ನಿಂದ ಅದು ಆಗದ ಮಾತು ಅಂತ ಗೊತ್ತಾಯಿತು. ಅದಕ್ಕೆ ಎರಡು ಸಿಮ್ಮಿನ ಆ ಸೆಟ್ಟನ್ನು ಅಮ್ಮನಿಗೆ ಕೊಟ್ಟೆ. ಒಂದು ಗೂಡಿನಲ್ಲಿ ಅವರ ಸಿಮ್, ಇನ್ನೊಂದು ನನಗಾಗಿ ಖಾಲಿ. ಟೇಪ್ ಅಂಟಿಸಿದ ಅಡಾಪ್ಟರ್ ಚೀಟಿಯ ಜೊತೆ ಮುಚ್ಚಳದೊಳಗೆ. ಅಮ್ಮ ದಿನಾ ಚಾರ್ಜ್ ಹಾಕುತ್ತಾರೆ, ಶ್ರೀನಿವಾಸಪುರದ ಅಕ್ಕನ ಜೊತೆ ಮುಕ್ಕಾಲು ಗಂಟೆ ಮಾತಾಡುತ್ತಾರೆ, ಮೆಸೇಜ್ ಅಳಿಸುವುದನ್ನು ಮಗಳು ಹೇಳಿಕೊಟ್ಟಿದ್ದಾಳೆ.

ಮೊನ್ನೆ ನನ್ನ ಫೋನಿನ ಡಿಸ್‌ಪ್ಲೇ ಹೋಯಿತು. ಎರಡು ದಿನಕ್ಕೆ ಸೆಟ್ ಕೊಡಮ್ಮ ಅಂದೆ. “ನಿಂದು ಸಿಮ್ ಹಾಕ್ಕೋ, ಫೋನ್ ಮಾತ್ರ ನನ್ ಹತ್ರಾನೇ ಇರ್ಲಿ, ಕಾಲ್ ಬಂದ್ರೆ ಕೂಗ್ತೀನಿ” ಅಂದರು.